ಮಂಚದ ಕಾಲು ಮುರಿದದ್ದು

ಕೋಥರೂಡ, ಪುಣೆ
12 ಜೂನ್ 2023

ಸಕಲಗುಣಸಂಪನ್ನೆ, ಪಾಕಶಾಸ್ತ್ರಪ್ರವೀಣೆ, ನನ್ನ ಎರಡು ಕೋಣೆಯ ಅರಮನೆಯ ಪಟ್ಟದ ರಾಣಿ ಅಂಬಾದೇವಿಯವರ ಸನ್ನಿಧಾನಕ್ಕೆ,

ಮೂರನೆಯ ಗಂಟೆ ಬಾರಿಸಿಯಾಯಿತು. ಪರದೆ ಎದ್ದಿದೆ. ರಂಗದ ಮೇಲೆ ನಟನೊಬ್ಬನೇ ನಿಂತಿದ್ದಾನೆ, ಎದುರಿಗೆ ಕುರ್ಚಿಗಳೆಲ್ಲ ಖಾಲಿ! ಗದಗಿನ ಕ್ಯಾಂಪಿನಲ್ಲಿ ಮಳೆ ಹಿಡಿದು ಡೇರೆಯೇ ಹಾರಿಹೋದಾಗಲೂ ನಮ್ಮಪ್ಪನ ನಾಟಕ ಕಂಪನಿಗೆ ಇಂಥ ದುರ್ಗತಿ ಬಂದಿರಲಿಲ್ಲ. ಆಗಲೂ ಮುಂದಿನ ಸಾಲಿನಲ್ಲಿ ಒಂದು ನಾಯಿಯಾದರೂ ಕೂತು ನೋಡಿತ್ತು.

ನಾಲ್ಕು ದಿನ ಅಕ್ಕನ ಮನೆಗೆ ಹೋಗಿ ಬರುತ್ತೇನೆ ಎಂದವಳನ್ನು ಕಾತ್ರಜಕ್ಕೆ ಕರೆತಂದು ಧಾರವಾಡದ ಬಸ್ಸು ಹತ್ತಿಸಿದವನು ಯಾರು? ನಾನು! ಕಿಟಕಿಯ ಸೀಟು ಹಿಡಿದುಕೊಟ್ಟವನು ಯಾರು? ನಾನೇ! ಈಗ ಸಕ್ಕುಬಾಯಿ ಅಕ್ಕನ ಬಾಯಿಂದ ಅಪ್ಪಣೆ ಬರುತ್ತದೆ: "ಅಂಬಾ ಸದ್ಯಕ್ಕ ಬರೂದಿಲ್ಲಂತ. ಫೋನ್ ಮಾಡಬ್ಯಾಡ್ರಂತ. ಹೇಳೂದಿದ್ರ ಪತ್ರ ಬರೀರಂತ." ಬದುಕೆಲ್ಲ ಟೆಲಿಫೋನ್ ಖಾತೆಯಲ್ಲಿ ಚಾಕರಿ ಮಾಡಿದವನಿಗೆ ಫೋನ್ ಮಾಡಬೇಡ ಎಂಬ ಶಾಪವೇ! ಇದಕ್ಕಿಂತ ಕ್ರೂರ ಶಾಪ ಯಾವ ಋಷಿಗಾದರೂ ಹೊಳೆದೀತೇ?

ನಿನ್ನ ಕೋಪದ ಕಾರಣವನ್ನು ನನ್ನ ದಿವ್ಯದೃಷ್ಟಿಯಿಂದ ಕಂಡುಹಿಡಿದಿದ್ದೇನೆ. ನಮ್ಮ ಓಂಕಾರನ ಮದುವೆಯಲ್ಲಿ ನಿನ್ನ ಹೊಸ ಹಸಿರು ಸೀರೆ ನೋಡಿ "ತೊಂಡಲಬಳ್ಳಿ ನಡಕೋತ ಬಂದಾಂಗ ಆತು" ಎಂದೆನಲ್ಲ, ಅದು. ಕ್ಷಮಿಸು. ಬಳ್ಳಿ ಎಂದದ್ದು ತಪ್ಪು, ಚಪ್ಪರವೇ ಎನ್ನಬೇಕಿತ್ತು! ಹ್ಹ ಹ್ಹ! ನೋಡು, ಓದುತ್ತ ಓದುತ್ತ ನೀನೂ ನಕ್ಕೆ. ನನಗೆ ಇಲ್ಲಿಗೇ ಕಾಣುತ್ತದೆ.

ಮೊನ್ನೆ ಸಂಜೆ ಕರೆಂಟು ಹೋಯಿತು. ನಿನಗೆ ಕತ್ತಲೆಂದರೆ ಜೀವ ಬಾಯಿಗೆ ಬರುತ್ತದೆಂದು ಗೊತ್ತಿರುವವನು, ರೂಢಿಯಿಂದ "ಅಂಜಬ್ಯಾಡ ಮಹಾರಾಣಿ, ನಾ ಇಲ್ಲೇ ಅದೀನಿ!" ಎಂದು ಗರ್ಜಿಸಿಬಿಟ್ಟೆ. ಅಡಿಗೆಮನೆ ಸುಮ್ಮನಿತ್ತು. ಮೇಲಿನ ಮಾಳಿಗೆಯ ಮರಾಠಿ ಮುದುಕಿ "ಹೋ, ಹೋ, ಬರಂ ಝಾಲಂ", ಹೌದು, ಒಳ್ಳೇದೇ ಆಯಿತು, ಎಂದು ಕಿಟಕಿಯಿಂದ ಉತ್ತರ ಕೊಟ್ಟಳು. ನೀನು ಬೇಗ ಬರದಿದ್ದರೆ ಈ ಪ್ರಸಂಗ ಎಲ್ಲಿಗೆ ಮುಟ್ಟುತ್ತದೋ ಹೇಳಲಾರೆ.

ಧ್ವನಿವರ್ಧಕ ಬೇಡದ ನಿನ್ನ
ಕೃಷ್ಣಾಜಿ

ತಾ.ಕ.: ಮೆಂತೆಹಿಟ್ಟಿನ ಡಬ್ಬಿ ಯಾವುದು? ಮೂರು ತೆರೆದೆ. ಮೂರರಲ್ಲೂ ಬೇರೆ ಬೇರೆ ಹಳದಿ ಪುಡಿ.


ಧಾರವಾಡ
25 ಜೂನ್ 2023

ಇವರಿಗೆ ಅಂಬಾ ಮಾಡುವ ನಮಸ್ಕಾರ.

ಪತ್ರ ಮುಟ್ಟಿತು. ನೀಲಿ ಮುಚ್ಚಳದ್ದು ಮೆಂತೆಹಿಟ್ಟು. ಉಳಿದ ಎರಡರಲ್ಲಿ ಒಂದು ಕಡಲೆಹಿಟ್ಟು, ಒಂದು ಅರಿಶಿಣ. ನೀವು ಮೆಂತೆಹಿಟ್ಟೆಂದು ಅರಿಶಿಣ ಕಲಸಿ ಉಣ್ಣದಿದ್ದರೆ ಸಾಕು.

ಸೀರೆಯ ಮಾತಿಗೆ ನಾನು ಬಂದಿಲ್ಲ. ಸೀರೆಯ ಮಾತಿಗೆ ಮನೆ ಬಿಡುವ ಹಾಗಿದ್ದರೆ ಮದುವೆಯಾದ ವರ್ಷದ ನಾಗರ ಪಂಚಮಿಗೇ ಬಿಡಬೇಕಿತ್ತು.

ಫೋನ್ ಯಾಕೆ ಬೇಡವೆಂದರೆ, ನಿಮ್ಮ ದನಿ ಕೇಳಿದರೆ ನನಗೆ ನಗು ಬರುತ್ತದೆ. ನಕ್ಕೆನೆಂದರೆ ಎಲ್ಲ ಸರಿಹೋಯಿತೆಂದು ನೀವು ತಿಳಿಯುತ್ತೀರಿ. ನೀವು ತಿಳಿದಿರೆಂದರೆ ನಾನು ಬಸ್ಸು ಹತ್ತಬೇಕಾಗುತ್ತದೆ. ಪ್ರತಿ ಸಲವೂ ಹೀಗೇ ಆಗಿದೆ. ಕಾಗದದ ಮೇಲಾದರೆ ನಿಮ್ಮ ದನಿ ಇರುವುದಿಲ್ಲ, ಮಾತು ಅಷ್ಟೇ ಇರುತ್ತದೆ. ಬರೀ ಮಾತು ಹೇಗಿದೆ ಎಂದು ನನಗೂ ಒಮ್ಮೆ ನೋಡಬೇಕಿದೆ.

ಅಕ್ಕನ ರೊಟ್ಟಿ ಅಂಗಡಿಯಲ್ಲಿ ಮುಂಜಾನೆ ರೊಟ್ಟಿ ಬಡಿಯಲು ಕೂಡುತ್ತೇನೆ. ಇಲ್ಲಿ ಕೆಲಸ ಮಾಡುವ ಹೆಂಗಸರೆಲ್ಲ ಮಧ್ಯಾಹ್ನ ಒಟ್ಟಿಗೆ ಉಣ್ಣುತ್ತೇವೆ. ನಿನ್ನೆ ಬಿಸಿ ರೊಟ್ಟಿ, ಪುಂಡಿಪಲ್ಯೆ, ಬೆಣ್ಣೆ. ಹೊಟ್ಟೆ ತುಂಬ ಉಂಡೆ. ಯಾರೂ ಏನೂ ಅನ್ನಲಿಲ್ಲ.

ಅಂಬಾ


ಕೋಥರೂಡ, ಪುಣೆ
16 ಜುಲೈ 2023

ರೊಟ್ಟಿಲೋಕದ ಒಡತಿ, ಮೌನವ್ರತಧಾರಿಣಿ, ನಿಷ್ಕರುಣೆ ಅಂಬಾದೇವಿಯವರಿಗೆ,

ಎರಡನೆಯ ಅಂಕ! ನಿನ್ನ ಪತ್ರವನ್ನು ನಾನು ಏಕಪಾತ್ರಾಭಿನಯ ಮಾಡಿ ಓದಿದೆ. ಓಂಕಾರ ಮತ್ತು ಪ್ರಾಚಿ ರವಿವಾರ ಬಂದಿದ್ದರು. ನಮ್ಮ ಸೊಸೆಗೆ ಈಗ "ಊಟಾ ಆತೇನ್ರಿ ಕಾಕಾ" ಎನ್ನುವಷ್ಟು ಕನ್ನಡ ಬಂದಿದೆ. ಊಟವಾಗಿಲ್ಲ ಎಂದರೆ ಏನು ಮಾಡಬೇಕೆಂಬ ಕನ್ನಡ ಇನ್ನೂ ಬಂದಿಲ್ಲ. ತಮ್ಮನ ಮಗನಾದರೂ ಓಂಕಾರ ನಮಗೆ ಮಗನೇ ತಾನೆ, ಅವನ ಮುಂದೆ ನನ್ನ ಸಂಶಯಗಳನ್ನೆಲ್ಲ ಮಂಡಿಸಿದೆ. ಕುಕ್ಕರಿನ ರಬ್ಬರು ತರುತ್ತೇನೆಂದು ಆರು ತಿಂಗಳು ಮರೆತದ್ದು? ಜೇಜುರಿಗೆ ಹೋದಾಗ ನಿನ್ನನ್ನು ಮೆಟ್ಟಿಲ ಮೇಲೆ ಕೂರಿಸಿ ಬೆಳಗಾವಿಯ ಭಕ್ತರಿಗೆ ನಾಟಕದ ಮಾತು ಹೇಳುತ್ತ ನಿಂತು, ನೀನು ಒಬ್ಬಳೇ ಖಂಡೋಬನ ದರ್ಶನ ಮಾಡಿ ಇಳಿದು ಬಂದದ್ದು? ಮದುವೆಯಲ್ಲಿ ನಿನ್ನ ಕುರ್ಚಿಯನ್ನು ಬೀಗರಿಗೆ ಕೊಟ್ಟದ್ದು?

ಓಂಕಾರ ಗಲ್ಲಕ್ಕೆ ಕೈಹಚ್ಚಿ ಕೇಳಿದ. ಆಮೇಲೆ, "ಕಾಕಾ, ಲಿಸ್ಟ್ ಭಾಳ ಉದ್ದ ಅದ. ಕಾಕುನ್ನ ಕೇಳೂದ ಛಲೋ" ಎಂದ. ಕೇಳಿದ್ದೇನೆ. ದಯಮಾಡಿಸು. ಪಾತ್ರಧಾರಿಗೆ ತನ್ನ ತಪ್ಪೇ ಗೊತ್ತಿಲ್ಲದಿದ್ದರೆ ಪಶ್ಚಾತ್ತಾಪದ ದೃಶ್ಯವನ್ನು ಎಲ್ಲಿಂದ ಶುರು ಮಾಡಬೇಕು?

ನಿನ್ನ ಕಷಾಯವಿಲ್ಲದೆ ಗಂಟಲು ಕಟ್ಟಿದೆ. ಬೇಸಿಗೆಯಿಂದಲೂ ಕರಕರ ಎನ್ನುತ್ತಿತ್ತು, ನೀನೂ ಎರಡು ಸಲ ಡಾಕ್ಟರಿಗೆ ತೋರಿಸ್ರಿ ಎಂದಿದ್ದೆ. ಈಗ ಕನ್ನಡ ಮಂಡಳಿಯ ತಾಲೀಮಿನಲ್ಲಿ ರಾಜನ ಪಾರ್ಟು ಹೇಳಲು ಹೋದರೆ ಕಾಗೆಯ ಪಾರ್ಟು ಬರುತ್ತಿದೆ. ಕಾರ್ಯದರ್ಶಿ ಮನೋಹರ, "ರಾಯರ, ಈ ವರ್ಷ ದ್ವಾರಪಾಲಕ ಆಗ್ರಿ, ಮಾತಿಲ್ಲ" ಎಂದ. ನಲವತ್ತು ವರ್ಷ ಸಿಂಹಾಸನದಲ್ಲಿ ಕೂತವನಿಗೆ ಬಾಗಿಲು ಕಾಯುವ ಕೆಲಸ!

ಸಿಂಹಾಸನಚ್ಯುತ
ಕೃಷ್ಣಾಜಿ


ಧಾರವಾಡ
9 ಆಗಸ್ಟ್ 2023

ಇವರಿಗೆ ನಮಸ್ಕಾರ.

ಗಂಟಲಿಗೆ ಜ್ಯೇಷ್ಠಮಧು ಬಾಯಲ್ಲಿಟ್ಟುಕೊಳ್ಳಿ. ಡಾಕ್ಟರಿಗೆ ತೋರಿಸಿ. ದ್ವಾರಪಾಲಕರಾಗಲಿಕ್ಕೆ ಏನು ಅವಮಾನ? ಸಿಂಹಾಸನದ ಪಕ್ಕದಲ್ಲಿ ಮಾತಿಲ್ಲದೆ ನಿಂತವರೂ ಇರುತ್ತಾರೆ.

ಕೇಳಿದ್ದೀರಿ, ಹೇಳುತ್ತೇನೆ. ನೀವು ಎದುರಿಗಿದ್ದರೆ ಇಷ್ಟುದ್ದ ಹೇಳಲು ಬಿಡುತ್ತಿರಲಿಲ್ಲ.

ಓಂಕಾರನ ಮದುವೆಯಲ್ಲಿ ಊಟಕ್ಕೆ ಕೂಡುವ ಮುಂಚೆ ಪ್ರಾಚಿಯ ತಾಯಿ ಎಲ್ಲ ಹೆಂಗಸರಿಗೂ ಉಖಾಣೆ ಹೇಳಿರೆಂದರು. ನಮ್ಮ ಕಡೆಯ ಒಡಪೇ ಅದು. ಹೆಸರು ಹಿಡಿದು ಕರೆಯದ ಗಂಡನ ಹೆಸರನ್ನು ಹೆಂಗಸು ಎರಡು ಸಾಲಿನಲ್ಲಿ ಕಟ್ಟಿ ನಾಲ್ಕು ಜನರ ಮುಂದೆ ಬಾಯಿಬಿಟ್ಟು ಹೇಳುವ ಹೊತ್ತು ಅದೊಂದೇ. ಆ ಹೊತ್ತು ಅವಳದು. ನನ್ನ ಸರದಿ ಬಂದಾಗ ಎದ್ದು ನಿಂತೆ. ಸೆರಗು ಸರಿಮಾಡಿಕೊಂಡೆ. ಬಾಯಿ ತೆರೆಯುವುದರೊಳಗೆ ಗಂಡಸರ ಪಂಕ್ತಿಯಿಂದ ನಿಮ್ಮ ದನಿ ಬಂತು:

"ಬೆಳ್ಳಿ ಬಟ್ಟಲದಾಗ ಕೇಸರಿ ಹಾಲು,
ಕುಡದಾಕಿ ಅಂಬಾ, ಮುರದದ್ದು ಮಂಚದ ಕಾಲು!"

ಮಂಟಪವೆಲ್ಲ ಬಿದ್ದು ಬಿದ್ದು ನಕ್ಕಿತು. ಕನ್ನಡ ತಿಳಿಯದವರಿಗೆ ಓಂಕಾರನ ಗೆಳೆಯರು ಮರಾಠಿಯಲ್ಲಿ ಬಿಡಿಸಿ ಹೇಳಿದರು, ಅವರು ಎರಡನೆಯ ಸಲ ನಕ್ಕರು. ನಾನೂ ನಕ್ಕೆ. ನಗುತ್ತಲೇ ಕೂತುಬಿಟ್ಟೆ. ಮುಂದಿನವಳು ಎದ್ದಳು.

ಆ ಜೋಕು ಮೊದಲು ಹುಟ್ಟಿದ್ದು ನಮ್ಮ ಮೊದಲ ಸಂಕ್ರಾಂತಿಗೆ. ಆಮೇಲೆ ಎಷ್ಟು ಮುಂಜಿವೆ, ಎಷ್ಟು ಸೀಮಂತ, ಎಷ್ಟು ಅರಿಶಿಣ-ಕುಂಕುಮ. ನಾನು ಎಲ್ಲಿ ಎದ್ದರೂ ಅದು ನನಗಿಂತ ಮುಂಚೆ ಏಳುತ್ತಿತ್ತು. ಜನರು ನನ್ನ ತಾಟಿನ ಕಡೆ ನೋಡಿ ಮುಗುಳ್ನಗುತ್ತಿದ್ದರು. ಪಂಕ್ತಿಯಲ್ಲಿ ಎರಡನೆಯ ಹೋಳಿಗೆ ನಾನು ಯಾವತ್ತು ಹಾಕಿಸಿಕೊಂಡಿದ್ದೇನೆ, ನೆನಪಿದ್ದರೆ ಹೇಳಿ.

ಇನ್ನು, ಆ ಮಂಚದ ಕಾಲು ಮುರಿದವರು ಯಾರು? ದಂಡನಾಯಕನ ಪಾರ್ಟು ತಯಾರು ಮಾಡುತ್ತ ನನ್ನ ಲಟ್ಟಣಿಗೆಯನ್ನು ಖಡ್ಗ ಮಾಡಿ ಹಿಡಿದು, ಮಂಚದ ಮೇಲಿಂದ "ಎಲೈ ಶತ್ರುಗಳೇ" ಎಂದು ಜಿಗಿದವರು ಯಾರು? ನಾನು ಆಗ ಬಾಗಿಲಲ್ಲಿ ಚಹಾ ಹಿಡಿದು ನಿಂತಿದ್ದೆ.

ಇದಕ್ಕೂ ನಾನು ಮನೆ ಬಿಡಲಿಲ್ಲ. ಓಂಕಾರನ ಮದುವೆಗೆಂದು ನಾನೇ ಒಂದು ಒಡಪು ಕಟ್ಟಿದ್ದೆ. ಬದುಕಿನಲ್ಲಿ ಮೊದಲ ಸಲ. ಅಕ್ಕಿ ಆರಿಸುತ್ತ, ಬಸ್ಸಿನಲ್ಲಿ ನಿಂತು, ಪಲ್ಯದ ಅಂಗಡಿಯ ಪಾಳಿಯಲ್ಲಿ, ಅದನ್ನೇ ತಿದ್ದಿ ತಿದ್ದಿ ಹೇಳಿಕೊಳ್ಳುತ್ತಿದ್ದೆ. ಅದರಲ್ಲಿ ನಿಮ್ಮ ಹೆಸರಿತ್ತು. ನಗಿಸುವಂಥದ್ದಲ್ಲ. ಅದನ್ನು ಹೇಳಿಯಾದ ಮೇಲೆ ನಿಮ್ಮ ಮುಖ ಹೇಗಾಗುತ್ತದೆ ಎಂದು ನೋಡಬೇಕೆನಿಸಿತ್ತು. ಅಷ್ಟೇ.

ಏನದು ಎಂದು ಕೇಳಬೇಡಿ. ಒಡಪನ್ನು ಬರೆದು ಕಳಿಸುವುದಿಲ್ಲ. ಕೇಳುವವರು ಸುಮ್ಮನೆ ಕೂತರೆ ಹೇಳುವುದು.

ಅಂಬಾ


ಕೋಥರೂಡ, ಪುಣೆ
20 ಸೆಪ್ಟೆಂಬರ್ 2023

ಅಂಬಾದೇವಿಯವರಿಗೆ,

ನಿನ್ನೆ ಗಣಪತಿ ಕೂತ. ನಮ್ಮ ಸೊಸೈಟಿಯ ಢೋಲು ಕಿವಿಗೆ ಬಡಿಯುತ್ತಿದೆ, ಆದ್ದರಿಂದ ಅಕ್ಷರ ಕುಣಿದರೆ ನನ್ನ ತಪ್ಪಲ್ಲ.

ನಿನ್ನ ಪತ್ರಕ್ಕೆ ಇಷ್ಟು ದಿನ ಉತ್ತರ ಬರೆಯಲಿಲ್ಲ. ಬರೆಯಲು ಕೂತಾಗಲೆಲ್ಲ ಮೊದಲ ಸಾಲಿಗೇ ಒಂದು ಜೋಕು ಬಂದು ನಿಲ್ಲುತ್ತಿತ್ತು. ಅದನ್ನು ಓಡಿಸಿದರೆ ಇನ್ನೊಂದು. ನಾಟಕದವನ ತಲೆ ಕಂಪನಿಯ ಪೆಟ್ಟಿಗೆಯಿದ್ದಂತೆ, ತೆರೆದರೆ ಮೊದಲು ಬಣ್ಣವೇ ಕೈಗೆ ಹತ್ತುತ್ತದೆ.

ಆದರೂ ಕೇಳು. ಮೂರನೆಯ ಅಂಕದಲ್ಲಿ ಒಂದು ಅನಿರೀಕ್ಷಿತ ತಿರುವು! ಸೂತ್ರಧಾರ ಪ್ರವೇಶಿಸಿ ಸಾರುತ್ತಾನೆ: "ಮಹಾಜನಗಳೇ, ನಟಸಮ್ರಾಟ ಕೃಷ್ಣಾಜಿರಾಯರ ಕಂಠವೆಂಬ ಕಂಪನಿ ಬಾಗಿಲು ಹಾಕುತ್ತಿದೆ!" ಡಾಕ್ಟರು ಕೊಳವೆ ಬಿಟ್ಟು ನೋಡಿದರು, ಚೂರು ತೆಗೆದು ಪರೀಕ್ಷೆಗೆ ಕಳಿಸಿದರು. ಒಳಗೆ ಒಬ್ಬ ಖಳನಾಯಕ ಡೇರೆ ಹಾಕಿ ಕೂತಿದ್ದಾನಂತೆ. ಅವನನ್ನು ಓಡಿಸಬೇಕಾದರೆ ರಂಗಮಂಚವನ್ನೇ ಕೀಳಬೇಕಂತೆ. ಅಂದರೆ ಧ್ವನಿಪೆಟ್ಟಿಗೆಯನ್ನು ತೆಗೆಯುತ್ತಾರೆ. ಅಕ್ಟೋಬರ್ ನಾಲ್ಕಕ್ಕೆ. ಕೊರಳಲ್ಲಿ ಒಂದು ತೂತು ಉಳಿಯುತ್ತದೆ, ಅದರಿಂದ ಉಸಿರು. ಮಾತು ಇಲ್ಲ.

ನೋಡಿದೆಯಾ, ಇದನ್ನೂ ನಾಟಕ ಮಾಡಿಯೇ ಹೇಳಿದೆ. ಬೇರೆ ರೀತಿ ಹೇಗೆ ಹೇಳಬೇಕೋ ನನಗೆ ಯಾರೂ ಕಲಿಸಲಿಲ್ಲ.

ಓಂಕಾರನಿಗೆ ತಾಕೀತು ಮಾಡಿದ್ದೇನೆ, ಕಾಕುಗೆ ಏನೂ ಹೇಳಕೂಡದು, ಹೇಳುವುದಿದ್ದರೆ ನಾನೇ ಹೇಳಬೇಕು ಎಂದು. ನನಗೆ ಬೇಕಾದದ್ದು ಒಂದೇ. ಬರುವ ರವಿವಾರದಾಚೆಯ ರವಿವಾರ, ಅಕ್ಟೋಬರ್ ಒಂದು, ಮುಂಜಾನೆ ಫೋನ್ ಮಾಡುತ್ತೇನೆ. ಎತ್ತು. ನಗಿಸುವುದಿಲ್ಲ. ಮಹಾರಾಣಿ, ದೇವಿ ಏನೂ ಅನ್ನುವುದಿಲ್ಲ. ನಿನ್ನ ಹೆಸರನ್ನು ಆ ಜೋಕಿನ ಹೊರಗೆ ನಾನು ಕರೆದದ್ದೇ ಇಲ್ಲವಲ್ಲ, ಕೂತು ಲೆಕ್ಕ ಹಾಕಿದೆ. ಒಂದು ಸಲ ಬರೇ ಅಂಬಾ ಎಂದು ಕರೆಯುತ್ತೇನೆ. ಆಮೇಲೆ ನಾನು ಬಾಯಿ ಮುಚ್ಚಿಕೊಂಡಿರುತ್ತೇನೆ. ನೀನು ನಿನ್ನ ಒಡಪು ಹೇಳು. ಕೇಳಿ "ವ್ಹಾ" ಎನ್ನಲು ದನಿ ಇರುವಾಗಲೇ ಕೇಳಬೇಕು.

ನಿನ್ನ
ಕೃಷ್ಣಾಜಿ


ಧಾರವಾಡ
27 ಸೆಪ್ಟೆಂಬರ್ 2023

ಇವರಿಗೆ ನಮಸ್ಕಾರ.

ಈ ನಾಟಕವನ್ನು ನಾನು ಹಿಂದೆಯೇ ನೋಡಿದ್ದೇನೆ.

ನಮ್ಮವ್ವನ ವರ್ಷಾಂತಿಕಕ್ಕೆ ಧಾರವಾಡಕ್ಕೆ ಬಂದವಳು ಒಂದು ವಾರ ಹೆಚ್ಚಿಗೆ ನಿಂತಿದ್ದೆ. ಆಗ ಮನೋಹರನ ಕೈಯಿಂದ ಫೋನ್ ಮಾಡಿಸಿದಿರಿ: "ವೈನಿ, ಲಗೂನ ಬರ್ರಿ, ರಾಯರಿಗೆ ಎದಿ ಹಿಡದದ." ಕೈಗೆ ಸಿಕ್ಕ ಚೀಲ ಹಿಡಿದು ಓಡಿದೆ. ದಾರಿಯುದ್ದಕ್ಕೂ ಖಂಡೋಬನಿಗೆ ಹರಕೆ ಹೊತ್ತೆ. ಕಾತ್ರಜದಲ್ಲಿ ಇಳಿದಾಗ ಒಂದು ಕಾಲಲ್ಲಿ ನನ್ನ ಚಪ್ಪಲಿ, ಇನ್ನೊಂದರಲ್ಲಿ ಅಕ್ಕನದು. ಮನೆಯ ಬಾಗಿಲಲ್ಲಿ ನೀವು ಜರತಾರಿ ಪೇಟ ಸುತ್ತಿ, ಆರತಿ ತಟ್ಟೆ ಹಿಡಿದು ನಿಂತಿದ್ದಿರಿ. "ಬಂದಳು, ಬಂದಳು, ಹೃದಯದ ವೈದ್ಯೆ ಬಂದಳು!" ಎಂದು ನಾಂದಿ ಹಾಡಿದಿರಿ. ಅಕ್ಕಪಕ್ಕದ ಮನೆಯವರೆಲ್ಲ ಮೆಟ್ಟಿಲ ಮೇಲೆ ನಿಂತು ಚಪ್ಪಾಳೆ ತಟ್ಟಿದರು. ನನ್ನ ಚಪ್ಪಲಿ ನೋಡಿ ಇನ್ನಷ್ಟು ನಕ್ಕರು. ನಾನೂ ನಕ್ಕೆ.

ನಟರು ಅವರೇ, ಕಥೆಯೂ ಅದೇ. ಆಗ ಎದೆ, ಈಗ ಗಂಟಲು. ಅಂಗ ಮಾತ್ರ ಬದಲಾಗಿದೆ.

ನನ್ನ ಮನಸ್ಸಿನ ಮಾತನ್ನು ಒಂದು ಸಲ ತೆರೆದು ಹೇಳಿದೆ. ಅದಕ್ಕೂ ನೀವು ಸೂತ್ರಧಾರನನ್ನು ಕಳಿಸಿದಿರಿ. ರವಿವಾರ ಫೋನ್ ಎತ್ತುವುದಿಲ್ಲ.

ಅಂಬಾ


ಪುಣೆ
20 ಅಕ್ಟೋಬರ್ 2023

ಅಂಬಾ,

ಆಪರೇಶನ್ ಆಯಿತು. ಚೆನ್ನಾಗಿ ಆಯಿತು ಎನ್ನುತ್ತಾರೆ. ಮೊನ್ನೆ ಮನೆಗೆ ಬಂದೆ. ಮೂಗಿನ ನಳಿಕೆಯಿಂದ ಗಂಜಿ. ಓಂಕಾರ ರಜೆ ಹಾಕಿದ್ದಾನೆ.

ನಿನ್ನ ಪತ್ರ ಆಸ್ಪತ್ರೆಗೆ ಬಂತು. ನನಗೆ ಕಣ್ಣಿಗೆ ಮಂಜು ಇತ್ತು, ಓಂಕಾರ ಓದಿದ. ಚಪ್ಪಲಿಯ ಹತ್ತಿರ ಬಂದಾಗ ಅವನು ಅತ್ತುಬಿಟ್ಟ. ನನಗೆ ನಗು ಬಂತು. ಒಂದು ಕಾಲಲ್ಲಿ ಅಕ್ಕನ ಚಪ್ಪಲಿ. ಚೆನ್ನಾಗಿ ಬರೆದಿದ್ದೀ. ನಕ್ಕೆ, ಸದ್ದು ಬರಲಿಲ್ಲ. ನರ್ಸು ನೋವೆಂದು ತಿಳಿದು ಓಡಿ ಬಂದಳು.

ರವಿವಾರ ಫೋನ್ ಮಾಡಿದ್ದೆ. ಎತ್ತಲಿಲ್ಲ. ತಪ್ಪು ನಿನ್ನದಲ್ಲ. ಫೋನ್ ನಿಂತ ಮೇಲೆ ಹೆಸರನ್ನು ಕರೆದೆ, ಹಾಗೆಯೇ.

ಬಾ ಎಂದು ಬರೆದದ್ದಲ್ಲ ಇದು. ಅಲ್ಲಿ ಹೊಟ್ಟೆ ತುಂಬ ಉಣ್ಣುತ್ತೀ ಎಂದು ಬರೆದಿದ್ದೆಯಲ್ಲ.

ಮಂಚದ ಕಾಲು ಮುರಿದದ್ದು ನಾನೇ.

ಕೃಷ್ಣಾಜಿ


ಕೋಥರೂಡ, ಪುಣೆ
19 ಜನವರಿ 2024

ಸಕ್ಕು ಅಕ್ಕನಿಗೆ ಅಂಬಾ ಮಾಡುವ ನಮಸ್ಕಾರ.

ನೀನು ಫೋನಿನಲ್ಲಿ ಕೇಳುತ್ತಲೇ ಇರುತ್ತೀ, ನಾನು "ಆರಾಮ ಅದೇವಿ" ಎನ್ನುತ್ತಲೇ ಇರುತ್ತೇನೆ. ನಮ್ಮದು ಎರಡು ಕೋಣೆಯ ಮನೆ, ಆಡಿದ್ದೆಲ್ಲ ಇವರಿಗೆ ಕೇಳಿಸುತ್ತದೆ. ಅದಕ್ಕೇ ಬರೆಯುತ್ತಿದ್ದೇನೆ. ಪತ್ರದ ರೂಢಿಯೂ ಆಗಿಬಿಟ್ಟಿದೆ ನನಗೆ.

ಆ ಸಣ್ಣ ಪತ್ರ ಬಂದ ದಿನ ನೀನು ಕೇಳಿದ್ದೆ, "ಇದೂ ಸುಳ್ಳಿದ್ರ?" ಅಂತ. ಮೇಲೆ ಬರೇ ಅಂಬಾ ಎಂದು ಬರೆದಿದ್ದರಲ್ಲ, ಅದನ್ನು ನೋಡಿದ ಕೂಡಲೇ ನನಗೆ ತಿಳಿದಿತ್ತು. ಒಂದು ಮಹಾರಾಣಿ ಇಲ್ಲ, ಒಂದು ಆಶ್ಚರ್ಯಚಿಹ್ನೆ ಇಲ್ಲ. ಈ ಮನುಷ್ಯ ಇಷ್ಟು ಚಿಕ್ಕ ವಾಕ್ಯ ಬರೆಯಬೇಕಾದರೆ ಯಾರೋ ಏನನ್ನೋ ಕಿತ್ತುಕೊಂಡಿರಲೇಬೇಕು. ಅವತ್ತು ರವಿವಾರ ಫೋನ್ ಬಡಿದುಕೊಳ್ಳುವಾಗ ನೀನು ಎತ್ತಲು ಹೋದೆ. ನಿನ್ನ ಕೈ ಗಟ್ಟಿಯಾಗಿ ಹಿಡಿದವಳು ನಾನು. ಹಿಟ್ಟಿನ ಕೈ ಅದು, ನಿನ್ನ ಮುಂಗೈ ಮೇಲೆ ನನ್ನ ಬೆರಳು ಮೂಡಿದ್ದವು. ಅದು ನಿಂತ ಮೇಲೆ ನಾವು ಮತ್ತೆ ರೊಟ್ಟಿ ಬಡಿದೆವು.

ಕಾತ್ರಜದಲ್ಲಿ ಇಳಿದಾಗ ಇವರೇ ಬಂದಿದ್ದರು, ಓಂಕಾರನ ತೋಳು ಹಿಡಿದು. ಕೊರಳಿಗೆ ಪ್ರಾಚಿಯ ಬಣ್ಣದ ವಸ್ತ್ರ. ನನ್ನನ್ನು ನೋಡಿ ಮೊದಲು ನನ್ನ ಕಾಲು ನೋಡಿದರು. ಎರಡೂ ಚಪ್ಪಲಿ ನನ್ನವೇ ಇದ್ದವು. ತಲೆಯಾಡಿಸಿದರು, ಶಾಬಾಸ್ ಎನ್ನುವ ಹಾಗೆ. ಅಲ್ಲಿಯೇ ನಿಂತು ಅತ್ತೆ, ಅಕ್ಕ. ಕಂಡಕ್ಟರ್ ನನ್ನ ಚೀಲ ಹಿಡಿದು "ಮಾವಶೀ, ಘ್ಯಾ ನಾ" ಎನ್ನುತ್ತ ನಿಂತಿದ್ದ.

ಡಾಕ್ಟರು ಒಂದು ಯಂತ್ರ ಕೊಟ್ಟಿದ್ದಾರೆ. ಕೊರಳಿಗೆ ಹಿಡಿದು ತುಟಿ ಆಡಿಸಿದರೆ ಗುಂಯ್ ಎಂದು ಮಾತು ಬರುತ್ತದೆ. ಇವರು ಒಮ್ಮೆ ಹಿಡಿದರು, ಕಪಾಟಿನ ಮೇಲೆ ಇಟ್ಟುಬಿಟ್ಟರು. ಚೀಟಿಯಲ್ಲಿ, "ಇದು ನನ್ನ ಪಾರ್ಟಲ್ಲ" ಎಂದು ಬರೆದರು. ಈಗ ಚೀಟಿ, ಕೈಸನ್ನೆ, ಇಲ್ಲವೇ ಹುಬ್ಬು. ಹುಬ್ಬಿನಿಂದಲೇ ಚಹಾಕ್ಕೆ ಸಕ್ಕರೆ ಕಡಿಮೆ ಎನ್ನುತ್ತಾರೆ.

ಸಂಕ್ರಾಂತಿಯ ಮರುದಿನ ಮನೆಯಲ್ಲೇ ಅರಿಶಿಣ-ಕುಂಕುಮ ಇಟ್ಟಿದ್ದೆವು, ಪ್ರಾಚಿಯ ಮೊದಲ ಸಂಕ್ರಾಂತಿಯಲ್ಲವೇ. ಕಪ್ಪು ಸೀರೆ, ಮೈತುಂಬ ಕುಸುರೆಳ್ಳಿನ ಒಡವೆ, ಚೆಂದ ಕಾಣುತ್ತಿದ್ದಳು. ಕೆಳಗಿನ, ಮೇಲಿನ ಮನೆಗಳ ಹೆಂಗಸರು, ಕನ್ನಡ ಮಂಡಳಿಯವರು, ಇವಳ ತವರಿನವರು. ಇವರು ಒಳಗೆ ಹೋಗಲಿಲ್ಲ. ಬಾಗಿಲ ಹತ್ತಿರದ ಕುರ್ಚಿಯಲ್ಲಿ ಪೇಪರು ಹಿಡಿದು ಕೂತರು. ಪೇಪರು ತಲೆಕೆಳಗಿತ್ತು.

ಒಡಪಿನ ಸರದಿ ಬಂತು. ಮೇಲಿನ ಮಾಳಿಗೆಯ ಮುದುಕಿಗೆ ಹಿಂದಿನದೇನು ಗೊತ್ತು, "ಅಂಬಾತಾಯಿ, ನಾವ ಘ್ಯಾ, ನಾವ ಘ್ಯಾ", ಗಂಡನ ಹೆಸರು ಹೇಳು, ಎಂದು ನನ್ನನ್ನೇ ಎಬ್ಬಿಸಿದಳು. ಉಳಿದವರು ಮುಖ ಮುಖ ನೋಡಿಕೊಂಡರು. ಪ್ರಾಚಿ ಮೆಲ್ಲಗೆ, "ಬ್ಯಾಡ್ರಿ ಕಾಕು, ಕೂಡ್ರಿ" ಎಂದಳು. ನಾನು ನಿಂತೆ. ಸೆರಗು ಸರಿಮಾಡಿಕೊಂಡೆ. ಇಡೀ ಮನೆ ಸುಮ್ಮನಾಯಿತು. ನಾನು ಬದುಕೆಲ್ಲ ಬೇಡಿದ ಮೌನ ಅದು, ಅಕ್ಕ. ಇವರು ಪೇಪರು ಕೆಳಗಿಟ್ಟು ನನ್ನ ಮುಖವನ್ನೇ ನೋಡುತ್ತಿದ್ದರು. ಈಗ ಹೇಳುತ್ತಾಳೆ ಎಂದು. ಎರಡೂ ಕೈ ಮಡಿಲಲ್ಲಿ ಇಟ್ಟುಕೊಂಡು, ಸಾಲಿ ಹುಡುಗನ ಹಾಗೆ.

ನಾನು ಕಟ್ಟಿದ ಒಡಪು ನಾಲಿಗೆಯ ತುದಿಯಲ್ಲಿತ್ತು. ಹೇಳಲಾಗಲಿಲ್ಲ. ಬಾಯಿಂದ ಬಂದದ್ದು,

"ಬೆಳ್ಳಿ ಬಟ್ಟಲದಾಗ ಕೇಸರಿ ಹಾಲು..."

ಅಷ್ಟಕ್ಕೆ ನಿಂತೆ. ಇವರು ಜಿಗಿಯುವ ಜಾಗ ಅದು. ಇವರ ಬಾಯಿ ತಾನಾಗಿಯೇ ತೆರೆಯಿತು. ಕೊರಳ ವಸ್ತ್ರ ಒಮ್ಮೆ ಉಬ್ಬಿತು, ಇಳಿಯಿತು. ಉಸಿರಿನ ಸದ್ದು ಅಷ್ಟೇ. ಆಗ ಇವರ ಸಾಲನ್ನು ನಾನೇ ಹೇಳಿದೆ, ಇವರದೇ ಧಾಟಿಯಲ್ಲಿ, ಮನೆ ನಡುಗುವ ಹಾಗೆ:

"ಕುಡದಾಕಿ ಅಂಬಾ, ಮುರದದ್ದು ಮಂಚದ ಕಾಲು!"

ಒಬ್ಬರೂ ನಗಲಿಲ್ಲ. ಯಾರೋ ಮೂಗು ಸೇದಿದರು.

ಇವರು ಎದ್ದರು. ನನ್ನ ಕಡೆ ಬೆರಳು ತೋರಿಸಿ, ಅಲ್ಲ ಅಲ್ಲ ಎಂದು ಕೈಯಾಡಿಸಿದರು. ತಮ್ಮ ಎದೆ ಬಡಿದು ತೋರಿಸಿದರು, ನಾನು, ನಾನು. ದಡದಡ ಅಡಿಗೆಮನೆಗೆ ಹೋಗಿ ಲಟ್ಟಣಿಗೆ ಹಿಡಿದು ಬಂದರು. ಮೀಸೆ ತಿರುವಿದರು. ಒಂದು ಸಣ್ಣ ಮಣೆಯ ಮೇಲೆ ಹತ್ತಿ ಖಡ್ಗ ಎತ್ತಿ, ಸದ್ದಿಲ್ಲದೆ "ಎಲೈ ಶತ್ರುಗಳೇ" ಎಂದು ಬಾಯಿ ತೆರೆದು, ಒಂದು ಗೇಣು ಎತ್ತರದಿಂದ ಜಿಗಿದರು. ಮಂಚ ಮುರಿಯಿತು. ದಂಡನಾಯಕ ಬಿದ್ದ. ಸೊಂಟ ಹಿಡಿದ. ಆಚೀಚೆ ಕಳ್ಳನ ಹಾಗೆ ನೋಡಿ, ಬಾಗಿಲಲ್ಲಿ ಚಹಾ ಹಿಡಿದು ನಿಂತ ಹೆಂಡತಿಯ ಕಡೆ ಬೆರಳು ಮಾಡಿದ: ಇವಳೇ, ಇವಳೇ ಮುರಿದಳು!

ಒಂದು ಗಳಿಗೆ ಯಾರಿಗೂ ತಿಳಿಯಲಿಲ್ಲ. ಆಮೇಲೆ ಪ್ರಾಚಿಯ ತಾಯಿ, "ಅಗ ಬಾಯೀ! ಮ್ಹಣಜೇ ಹ್ಯಾಂನೀಚ!", ಅಂದರೆ ಮುರಿದವರು ಇವರೇ, ಎಂದು ಕೂಗಿದ್ದೇ ತಡ, ಮನೆಯೆಲ್ಲ ಬಿದ್ದು ಬಿದ್ದು ನಕ್ಕಿತು. ಅಂಥ ನಗೆ ಆ ಜೋಕಿಗೆ ಯಾವತ್ತೂ ಬಿದ್ದಿರಲಿಲ್ಲ. ಮುದುಕಿ ಕೆಮ್ಮಿ ಕೆಮ್ಮಿ ನೀರು ಕೇಳಿದಳು. ಇವರು ನಡು ಬಗ್ಗಿಸಿ, ಪರದೆ ಬೀಳುವಾಗ ಮಾಡುವಂತೆ ಮೂರೂ ದಿಕ್ಕಿಗೆ ಕೈಮುಗಿದರು. ಕೊನೆಗೆ ನನಗೆ. ಅಷ್ಟು ಜನರಲ್ಲಿ ನಗಲಾಗದವಳು ನಾನೊಬ್ಬಳೇ.

ಎಲ್ಲರೂ ಹೋದ ಮೇಲೆ ತಟ್ಟೆ ಒರೆಸುತ್ತಿದ್ದೆ. ಒಂದು ಚೀಟಿ ತಂದು ಕಟ್ಟೆಯ ಮೇಲಿಟ್ಟರು. "ಅದು ನನ್ನದಾಯಿತು. ನಿನ್ನದು ಹೇಳಲಿಲ್ಲ. ಸುಮ್ಮನೆ ಕೂತಿದ್ದೆನಲ್ಲ. ಇನ್ನೂ ಸಿಟ್ಟೇ?" ನಾನು, "ಮರತಬಿಟ್ಟೇನ್ರಿ" ಎಂದೆ. ನಂಬಲಿಲ್ಲ. ಸಿಟ್ಟೆಂದೇ ತಿಳಿದುಕೊಂಡು ತಲೆ ತಗ್ಗಿಸಿ ಹೋದರು. ತಿಳಿದುಕೊಳ್ಳಲಿ. ಸಿಟ್ಟಾದರೆ ಎಂದಾದರೂ ಇಳಿದೀತೆಂದು ಕಾಯುತ್ತಾರೆ.

ನಿನಗೊಬ್ಬಳಿಗೆ ಹೇಳುತ್ತೇನೆ, ಅಕ್ಕ. ಒಡಪನ್ನು ಬರೆಯಬಾರದೆಂದು ನಾನೇ ಹೇಳಿದ್ದೆ, ಆದರೆ ಹೇಳುವ ಕಾಲ ದಾಟಿಹೋಯಿತು. ಓಂಕಾರನ ಮದುವೆಗೆ ಕಟ್ಟಿದ್ದು ಇದು:

"ಊರ ಮನಿಗೆಲ್ಲ ಬೆಳಕ ಕೊಡತಾವ ಎಣ್ಣಿ, ಬತ್ತಿ, ಹಣತಿ,
ಕೃಷ್ಣಾಜಿರಾಯರ ದನಿ ಇದ್ದ ಮನ್ಯಾಗ ಕತ್ತಲಿಗಂಜಳು ಗರತಿ."

ಇದನ್ನು ಇವರ ಮುಂದೆ ನಿಂತು ಯಾವ ಬಾಯಿಂದ ಹೇಳಲಿ? ಓದಿ ಹರಿದುಬಿಡು.

ಇಷ್ಟು ಬರೆದು ಮುಗಿಸಬೇಕೆನ್ನುವಷ್ಟರಲ್ಲಿ ಕರೆಂಟು ಹೋಯಿತು. ಸಂಜೆಯ ಹೊತ್ತು, ಅಡಿಗೆಮನೆಗೆ ಬೇಗ ಕತ್ತಲೆ. ನಿನಗೆ ಗೊತ್ತು ನನ್ನ ಅಂಜಿಕೆ. ಕಡ್ಡಿಪೆಟ್ಟಿಗೆ ಕೈಗೆ ಸಿಗಲಿಲ್ಲ. ಬಾಗಿಲ ಕಡೆ ತಿರುಗಿ ನಿಂತುಬಿಟ್ಟೆ, ಆ ದನಿ ಬರುತ್ತದೆಂದು. ಬರುವುದಿಲ್ಲ ಎಂಬುದು ಆಮೇಲೆ ನೆನಪಾಯಿತು.

ಆಗ ಹೊರಗಿನ ಕೋಣೆಯಲ್ಲಿ ಟಕ್ ಎಂದಿತು. ಮತ್ತೆ ಟಕ್, ಟಕ್. ಸಂಕ್ರಾಂತಿಯಿಂದ ಲಟ್ಟಣಿಗೆ ಕಾಣುತ್ತಿಲ್ಲವೆಂದು ಹುಡುಕುತ್ತಿದ್ದೆ. ಇವರು ಅದನ್ನು ತಮ್ಮ ಕುರ್ಚಿಯ ಪಕ್ಕದಲ್ಲೇ ಇಟ್ಟುಕೊಂಡಿದ್ದಾರೆ. ಕರೆಂಟು ಬರುವವರೆಗೂ ಬಡಿಯುತ್ತಲೇ ಇದ್ದರು.

ಈಗ ಬೆಳಕಿದೆ. ರೊಟ್ಟಿಗೆ ಹಿಟ್ಟು ನಾದಬೇಕು.

ನಿನ್ನ ತಂಗಿ
ಅಂಬಾ